ಒಂದೇ ಕೈಯಲ್ಲಿ ಬಿಚ್ಚುವ ಪಾನಾ

ಜಮಾಲನ ಬಗ್ಗೆ ಬರೆಯಿರಿ ಎಂದು ನನಗೆ ಯಾರೂ ಹೇಳಿಲ್ಲ. ಹೊಟ್ಟೆ ಉರಿದುಕೊಂಡು ನಾನೇ ಬರೆಯುತ್ತಿದ್ದೇನೆ. ನನ್ನ ಹೆಸರು ಗುರುಬಸವರಾಜ್. ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಅಂಗಡಿ ಇದೆ. ನಟ್ಟು, ಬೋಲ್ಟು, ಬೇರಿಂಗು, ಬೆಲ್ಟು, ಬೋಲ್ಟು ಬಿಚ್ಚುವ ಪಾನಾ ಮಾರುತ್ತೇನೆ. ಬಾಯಿ ಸ್ವಲ್ಪ ಜೋರು ಎಂದು ಊರೆಲ್ಲ ಹೇಳುತ್ತದೆ, ಹೇಳಲಿ. ಮೂವತ್ತು ವರ್ಷದಿಂದ ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ಟೀ ಕುಡಿದವರಲ್ಲಿ ನನ್ನ ಬೈಗುಳಕ್ಕೆ ನಕ್ಕವನು ಜಮಾಲ್ ಒಬ್ಬನೇ. ಹೋದ ವರ್ಷದ ದೀಪಾವಳಿಯಿಂದ ಈಚೆಗೆ ಅವನೂ ನಗುವುದನ್ನು ಬಿಟ್ಟಿದ್ದಾನೆ.

ಅವನಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದವರು. ಗಾಡಿಗಳು ಹೋದವು, ಕುಲುಮೆಯೂ ಆರಿತು. ಜಮಾಲ್ ಹೊನ್ನಾಳಿಯ ಒಂದು ಲಾರಿ ಗ್ಯಾರೇಜಿನಲ್ಲಿ ಎಂಟು ವರ್ಷ ಗ್ರೀಸು ಮೆತ್ತಿಕೊಂಡು ಕೆಲಸ ಕಲಿತ. ಅವನು ಊರಿಗೆ ವಾಪಸ್ಸು ಬಂದ ಕೆಲವು ವರ್ಷಕ್ಕೆ ನಮ್ಮ ಕಡೆ ಅಡಿಕೆ ಸುಲಿಯುವ ಮೆಷಿನ್ನುಗಳು ಬಂದವು. ಅದುವರೆಗೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಒಂದೊಂದೇ ಕಾಯಿ ಸುಲಿಯುತ್ತಿದ್ದರು. ಮೆಷಿನ್ನು ಬಂದ ಮೇಲೆ ಅದೇ ಹೆಂಗಸರು ಅದರ ಬಾಯಿಗೆ ಕಾಯಿ ಸುರಿಯುವವರಾದರು. ಮೆಷಿನ್ನು ಕೆಟ್ಟರೆ ಕಂಪನಿಯವರು ಬರುವಷ್ಟರಲ್ಲಿ ಕಾಯಿ ಹಣ್ಣಾಗಿ ಹೋಗುತ್ತಿತ್ತು, ಹಾಗಾಗಿ ಎಲ್ಲರೂ ಜಮಾಲನನ್ನು ಕರೆದರು. ಅವನ ಹಳೆಯ ಟಿವಿಎಸ್ ಗಾಡಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಹಳ್ಳಿಗಳನ್ನೆಲ್ಲ ಸುತ್ತಿತು. ಅಡಿಕೆ ಕಾಲ ಮುಗಿದರೆ ಜಗಳೂರಿನ ಕಡೆ ಹೋಗಿ ಶೇಂಗಾ ಸುಲಿಯುವ ಮೆಷಿನ್ನುಗಳ ಹೊಟ್ಟೆ ಬಿಚ್ಚುತ್ತಿದ್ದ.

ಒಳ್ಳೆಯ ಕೆಲಸಗಾರ. ಆದರೆ ಅತಿ ಬುದ್ಧಿವಂತ. ಆ ಅತಿ ಬುದ್ಧಿಯೇ ಅವನನ್ನು ಹಾಳು ಮಾಡಿತು ಎಂದು ಅವನ ಮುಖಕ್ಕೇ ಹೇಳಿದ್ದೇನೆ.

ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರಿಗೆ ಚೊಗರು ಎನ್ನುತ್ತಾರೆ. ನಮ್ಮ ಕಡೆ ಚೊಗರನ್ನು ಯಾರೂ ಚೆಲ್ಲುವುದಿಲ್ಲ. ಅಡಿಕೆಗೆ ಬಣ್ಣ ಬರಲಿ ಎಂದು ಮತ್ತೆ ಮತ್ತೆ ಅದನ್ನೇ ಹಾಕುತ್ತಾರೆ. ಮರದ ತೊಲೆಗೆ, ಬಾಗಿಲಿಗೆ ಬಳಿಯುತ್ತಾರೆ. ಕಬ್ಬಿಣಕ್ಕೆ ಬಳಿದರೆ ಅದು ಕರಿ ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ, ಮೇಲೆ ತುಕ್ಕು ಕಾಣುವುದಿಲ್ಲ. ಜಮಾಲ್ ಇದನ್ನು ನೋಡಿದ. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಕೆಲಸ ಮುಗಿದಾಗ ಎಲ್ಲ ಮೆಷಿನ್ನುಗಳ ಬೋಲ್ಟುಗಳಿಗೂ ಗಟ್ಟಿ ಚೊಗರು ಬಳಿದು ಬರುತ್ತಿದ್ದ. ಪೇಂಟಿನ ಖರ್ಚಿಲ್ಲ. 'ಜಮಾಲ್ ಸಾಬರ ಕೈ ಬಿದ್ದರೆ ಬೋಲ್ಟು ತುಕ್ಕು ಹಿಡಿಯಲ್ಲ' ಎಂದು ಹೆಸರಾಯಿತು. ಊರೂರಲ್ಲಿ ಜನ ಅವನನ್ನು ನೋಡಿ ತಾವೂ ಬಳಿಯತೊಡಗಿದರು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಮೇಲೆ ಕರ್ರಗೆ ಹೊಳೆಯುವ ಆ ಚೊಗರು ಒಳಗೆ ಮರೆಗಳಿಗೆ, ಅಂದರೆ ಬೋಲ್ಟಿನ ಸುರುಳಿ ಗೀರುಗಳಿಗೆ, ಇಳಿದು, ತುಕ್ಕಿನ ಜೊತೆ ಸೇರಿ, ಅಂಟಿನಂತೆ ಗಟ್ಟಿಯಾಗಿ ಕೂತಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ರಿಪೇರಿಯೆಲ್ಲ ಹೊರಗಿನಿಂದಲೇ ಆಗುತ್ತಿತ್ತು, ಮೆಷಿನ್ನಿನ ಪಕ್ಕದ ಮುಚ್ಚಳವನ್ನು ಬಿಚ್ಚುವ ಸಂದರ್ಭವೇ ಬಂದಿರಲಿಲ್ಲ.

ಸಂದರ್ಭ ಬಂದಿದ್ದು ಹೋದ ವರ್ಷ, ದೀಪಾವಳಿ ಆದ ನಾಲ್ಕನೇ ದಿನ, ಉಬ್ರಾಣಿಯ ಹೊರಗಿರುವ ಪ್ರವೀಣ್ ಕುಮಾರನ ಖೇಣಿ ಮನೆಯಲ್ಲಿ. ಖೇಣಿ ಎಂದರೆ ತೋಟದ ಫಸಲನ್ನು ಗುತ್ತಿಗೆ ಹಿಡಿದು, ಕೊಯ್ಲು ಮಾಡಿಸಿ, ಸುಲಿಸಿ, ಬೇಯಿಸಿ ಮಾರುವ ವ್ಯವಹಾರ. ಅಲ್ಲಿ ಮೆಷಿನ್ನಿನ ಮುಂದೆ ಕೂರುತ್ತಿದ್ದವಳು ಅಂಜಮ್ಮ. ನಲವತ್ತೆರಡು ವರ್ಷ, ಗಂಡ ಇಲ್ಲ, ಅಂಬಿಕಾ ಎಂಬ ಒಬ್ಬಳೇ ಮಗಳು. ಒದ್ದೆ ಕಾಯಿ ಮೆಷಿನ್ನಿನ ಬಾಯಿಯಲ್ಲಿ ಕಟ್ಟಿಕೊಂಡಿತು. ಕೋಲಿನಿಂದ ತಳ್ಳಬೇಕು. ಕೋಲು ಎಲ್ಲೋ ಬಿದ್ದಿತ್ತು, ಆಕೆ ಬಲಗೈಯಲ್ಲಿ ತಳ್ಳಿದಳು. ಒಳಗಿನ ಹಲ್ಲಿನ ಡ್ರಮ್ಮು ಕೈಯನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಿತು. ಅಲ್ಲೇ ಹಂಡೆಯ ಒಲೆ ನೋಡಿಕೊಳ್ಳುತ್ತಿದ್ದ ಸಿದ್ದೇಶ ಓಡಿ ಹೋಗಿ ಕರೆಂಟು ತೆಗೆದ. ಡ್ರಮ್ಮು ನಿಂತಿತು, ಕೈ ಅದರಲ್ಲೇ ಕಚ್ಚಿಕೊಂಡಿತ್ತು.

ಕೈ ತೆಗೆಯಬೇಕೆಂದರೆ ಪಕ್ಕದ ಮುಚ್ಚಳ ಬಿಚ್ಚಬೇಕು. ನಾಲ್ಕೇ ಬೋಲ್ಟು. ಅವತ್ತು ಜಮಾಲ್ ಪಕ್ಕದ ತೋಟದಲ್ಲೇ ಇನ್ನೊಂದು ಮೆಷಿನ್ನಿನ ಬೆಲ್ಟು ಹಾಕುತ್ತಿದ್ದ, ಐದೇ ನಿಮಿಷದಲ್ಲಿ ಬಂದ. ಪಾನಾ ಹಾಕಿದ, ತಿರುಗಲಿಲ್ಲ. ಪಾನಾಕ್ಕೆ ಪೈಪು ಸಿಕ್ಕಿಸಿ ಜೋತುಬಿದ್ದ, ಒಂದು ಬೋಲ್ಟಿನ ತಲೆಯೇ ಸವೆದು ಗುಂಡಗಾಯಿತು. ಗ್ಯಾಸ್ ಕಟ್ಟರ್ ತರೋಣವೆಂದರೆ ಕೈ ಒಳಗಿದೆ, ಸುಟ್ಟುಹೋಗುತ್ತದೆ. ಕೊನೆಗೆ ಗರಗಸದ ಬ್ಲೇಡಿನಲ್ಲಿ ಒಂದೊಂದೇ ಬೋಲ್ಟು ಕುಯ್ದ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅಂಜಮ್ಮ ಅವನ ಕಿವಿಯ ಪಕ್ಕದಲ್ಲೇ ಕೂಗುತ್ತಿದ್ದಳು, ಆಮೇಲೆ ಕೂಗುವುದನ್ನೂ ನಿಲ್ಲಿಸಿದಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಕೈ ತೆಗೆದರು. ಅರ್ಧ ಗಂಟೆ ಮುಂಚೆ ಬಂದಿದ್ದರೆ ಏನಾದರೂ ನೋಡಬಹುದಿತ್ತು ಎಂದು ಡಾಕ್ಟರು ಅಂಬಿಕಾಗೆ ಹೇಳಿದರಂತೆ. ಅವಳು ಅಳುತ್ತಾ ಅದನ್ನು ಜಮಾಲನಿಗೆ ಹೇಳಿಬಿಟ್ಟಳು. ಹೇಳಬಾರದಿತ್ತು. ಪಾಪ, ಹತ್ತೊಂಬತ್ತು ವರ್ಷದ ಹುಡುಗಿ, ಅವಳಿಗೇನು ಗೊತ್ತು?

ಮರುದಿನ ಜಮಾಲ್ ಕುಯ್ದ ಬೋಲ್ಟುಗಳ ತುಂಡುಗಳನ್ನು ಜೇಬಿನಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದ. ಕೌಂಟರಿನ ಮೇಲೆ ಇಟ್ಟು, ಮರೆಯ ಒಳಗೆ ಕಟ್ಟಿಕೊಂಡಿದ್ದ ಕರೀ ಗಸಿಯನ್ನು ಉಗುರಲ್ಲಿ ಕೆರೆದು ತೋರಿಸಿದ.

"ಬಸಣ್ಣ, ಇದು ನಾನು ಬಳಿದಿದ್ದು," ಎಂದ.

ನನ್ನ ಬಾಯಿಗೆ ಬಂದಿದ್ದು ಬೈಗುಳವೇ. "ನಿನ್ನೊಬ್ಬಂದೇ ತಪ್ಪೇನೋ? ಕೋಲು ಬಿಟ್ಟು ಕೈ ಹಾಕಿದ್ದು ಆಕೆ. ಬಾಯಿ ಅಗಲ ಇರೋ ಮೆಷಿನ್ನು ಮಾಡಿದ್ದು ಇನ್ಯಾರೋ. ಊರಿನ ಪಾಪನೆಲ್ಲ ತಲೆ ಮೇಲೆ ಹೊತ್ಕಂಬ್ಯಾಡ, ಎದ್ದು ಟೀ ಕುಡಿ," ಎಂದೆ. ಅವನು ಕುಡಿಯಲಿಲ್ಲ.

ಆಮೇಲೆ ಅವನಿಗೆ ತಲೆ ಕೆಟ್ಟಿತು ಎಂದೇ ಎಲ್ಲರೂ ಅಂದುಕೊಂಡರು. ದಿನಕ್ಕೆ ಹತ್ತು ಸಲ ಎಲೆ ಅಡಿಕೆ ಹಾಕುತ್ತಿದ್ದವನು ಅಡಿಕೆ ಮುಟ್ಟುವುದನ್ನೇ ಬಿಟ್ಟ. ಗುಜರಿಯಿಂದ ಲಾರಿಯ ಮುರಿದ ಆಕ್ಸೆಲ್ಲು, ಸ್ಪ್ರಿಂಗ್ ಪಟ್ಟಿ ಹೊತ್ತು ತಂದು ಮನೆಯಂಗಳದಲ್ಲಿ ರಾಶಿ ಹಾಕಿದ. ಅಪ್ಪ ಬಿಟ್ಟುಹೋದ ಕುಲುಮೆಗೆ ಮತ್ತೆ ಬೆಂಕಿ ಹಾಕಿದ. ಅವನ ಹೆಂಡತಿ ಮೆಹರಾಜ್ ಬೇಗಂ ನನ್ನ ಅಂಗಡಿಯವರೆಗೆ ನಡೆದು ಬಂದಳು.

"ಅಣ್ಣಾ, ನೀವಾದ್ರೂ ಹೇಳ್ರಿ. ಬೆಳಗ್ಗೆ ಎದ್ರೆ ಕಬ್ಬಿಣ ಕುಟ್ಟಾದು, ಸಂಜೆ ತಂಕ ಕುಟ್ಟಾದು. ಬಟ್ಟೆ ಒಣಾಕಾಕೂ ಜಾಗ ಇಲ್ಲ. ಕೇಳಿದ್ರೆ ಪಾನಾ ಮಾಡ್ತಿದೀನಿ ಅಂತಾರೆ. ಅಂಗಡೀಲಿ ಸಿಗಲ್ವೇನ್ರಿ ಪಾನಾ?"

"ಸಿಗ್ತದಮ್ಮ. ಅವನಿಗೆ ಬೇಕಾಗಿರೋದು ಸಿಗಲ್ಲ," ಎಂದೆ.

ಅವನಿಗೆ ಬೇಕಾಗಿದ್ದು ಕಚ್ಚಿಕೊಂಡ ಬೋಲ್ಟನ್ನು ಯಾರು ಬೇಕಾದರೂ ಎರಡು ನಿಮಿಷದಲ್ಲಿ ಬಿಚ್ಚುವಂಥ ಪಾನಾ. ಮೆಕ್ಯಾನಿಕ್ಕಿಗೆ ಕಾಯಬಾರದು. ಪ್ರತಿ ಮೆಷಿನ್ನಿಗೂ ಒಂದು ಕಟ್ಟಿ ತೂಗುಹಾಕಿರಬೇಕು. ಮೊದಲು ಮಾಡಿದ್ದು ಸುತ್ತಿಗೆಯಿಂದ ಹೊಡೆಯುವ ಪಾನಾ. ದಪ್ಪ ತಲೆ, ಗಿಡ್ಡ ಹಿಡಿಕೆ. ಬೋಲ್ಟಿಗೆ ಕೂರಿಸಿ ಹಿಡಿಕೆಗೆ ಸುತ್ತಿಗೆಯಲ್ಲಿ ಪೆಟ್ಟು ಕೊಡಬೇಕು. ಬೋಲ್ಟನ್ನು ಸುಮ್ಮನೆ ಎಳೆದರೆ ಮರೆ ಇನ್ನೂ ಬಿಗಿಯುತ್ತದೆ, ಪೆಟ್ಟು ಬಿದ್ದರೆ ತುಕ್ಕು ಒಡೆಯುತ್ತದೆ. ಅವನು ಹೇಳುತ್ತಿದ್ದುದು ಇಷ್ಟೇ. ನನ್ನ ಅಂಗಡಿಯ ಹಿಂದೆ ಬಿದ್ದಿದ್ದ ಹಳೇ ಮೆಷಿನ್ನಿನ ಕಾಲಿನ ಬೋಲ್ಟಿನ ಮೇಲೆ ತೋರಿಸಿದ. ಎಂಟು ಪೆಟ್ಟಿಗೆ ಬೋಲ್ಟು ಕಿರ್ ಎಂದು ತಿರುಗಿತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

ಬೇಸಿಗೆಯಲ್ಲಿ ಅದನ್ನು ಚೀಲದಲ್ಲಿ ಹಾಕಿಕೊಂಡು ನಾವಿಬ್ಬರೂ ಅಂಜಮ್ಮನ ಮನೆಗೆ ಹೋದೆವು. ಅವನೊಬ್ಬನಿಗೇ ಹೋಗುವ ಧೈರ್ಯವಿರಲಿಲ್ಲ. ಆಕೆ ಅಂಗಳದಲ್ಲಿ ಎಡಗೈಯಿಂದ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆ ಜಾರದಂತೆ ಪಾದದಲ್ಲಿ ಒತ್ತಿ ಹಿಡಿದಿದ್ದಳು. ಜಮಾಲ್ ಆ ಕಡೆ ನೋಡಲಾರದೆ ಮನೆಯ ಸೂರು ನೋಡುತ್ತಾ ನಿಂತ. ಕೂರಲು ಹೇಳಿ, ಅಂಬಿಕಾಳ ಕೈಯಲ್ಲಿ ನೀರು ಕೊಡಿಸಿ, ಆಕೆಯೇ ಮಾತು ತೆಗೆದಳು.

"ಈ ಸಲ ಅಂಬಿಕಾ ಕುತ್ಕಂತಾಳೆ ಮೆಷಿನ್ನಿಗೆ. ಪ್ರವೀಣಪ್ಪ ಬಂದು ಕೇಳಿದ್ರು. ಬ್ಯಾಡ ಅನ್ನಾಕೆ ನನ್ನ ಹತ್ರ ಏನೈತೆ?"

ಜಮಾಲ್ ಸೂರಿನಿಂದ ಕಣ್ಣು ಕೆಳಗಿಳಿಸಿದ. "ಅದೇ ಮೆಷಿನ್ನಾ?" ಎಂದು ಕೇಳಿದ.

"ಅದೇ. ಪ್ರವೀಣಪ್ಪನ ಹತ್ರ ಇನ್ನೆಷ್ಟು ಮೆಷಿನ್ನು ಅವೆ ಅಣ್ಣಾ?"

ಜಮಾಲ್ ಚೀಲದಿಂದ ಪಾನಾ ತೆಗೆದು, ಹೇಗೆ ಹಿಡಿಯಬೇಕು, ಹೇಗೆ ಹೊಡೆಯಬೇಕು ಎಂದು ತಡವರಿಸುತ್ತಾ ಹೇಳಿದ. ಅಂಜಮ್ಮ ತನ್ನ ಎಡಗೈಯನ್ನು ಅವನ ಮುಂದೆ ಹಿಡಿದಳು.

"ಇದು ಎರಡು ಕೈ ಇರೋರ ಸಾಮಾನು ಜಮಾಲಣ್ಣ. ಒಂದ್ರಲ್ಲಿ ಹಿಡೀಬೇಕು, ಇನ್ನೊಂದ್ರಲ್ಲಿ ಹೊಡೀಬೇಕು. ಸಿಕ್ಕಾಕ್ಕಂಡೋಳಿಗೆ ಉಳಿಯಾದು ಒಂದೇ ಕೈ. ಅವತ್ತು ಎಲ್ಲಾರೂ ಕೈಕಾಲು ಬಿಟ್ಟು ನಿಂತಿದ್ರು. ನೀನು ಬರಾ ತಂಕ ಒಬ್ರೂ ಮೆಷಿನ್ನು ಮುಟ್ಲಿಲ್ಲ. ನನ್ನ ಎಡಗೈ ಸುಮ್ನೆ ಇತ್ತು ಕಣಣ್ಣ. ಅದಕ್ಕೊಂದು ಕೆಲಸ ಕೊಡೋರು ಯಾರೂ ಇರ್ಲಿಲ್ಲ."

ವಾಪಸ್ಸು ಬರುವಾಗ ಗಾಡಿ ಓಡಿಸುತ್ತಾ ಅವನು ಅಳುತ್ತಿದ್ದ. ಹಿಂದೆ ಕೂತಿದ್ದ ನಾನು ಬೈಯಲೂ ಆಗದೆ, ಸಮಾಧಾನ ಹೇಳಲೂ ಆಗದೆ, "ಗುಂಡಿ ನೋಡ್ಕಂಡು ಹೋಗೋ ಮಾರಾಯ" ಎಂದಷ್ಟೇ ಹೇಳಿದೆ. ಆ ಹುಡುಗಿ ಮೆಷಿನ್ನಿಗೆ ಕೂರುವ ಮೊದಲು ಒಂದೇ ಕೈಯಲ್ಲಿ ಬಿಚ್ಚುವ ಪಾನಾ ಆಗಬೇಕು ಎನ್ನುವುದೊಂದೇ ಅವತ್ತಿನಿಂದ ಅವನ ತಲೆಯಲ್ಲಿ ಉಳಿದಿದ್ದು. ಗಣೇಶನ ಹಬ್ಬಕ್ಕೆ ಕೊಯ್ಲು ಶುರುವಾಗುತ್ತದೆ. ಇದ್ದಿದ್ದು ನಾಲ್ಕು ತಿಂಗಳು.

ಎಷ್ಟು ಮಾಡಿ ಎಷ್ಟು ಮುರಿದನೋ ದೇವರಿಗೇ ಗೊತ್ತು. ಕೊನೆಗೆ ಆದದ್ದು ನೋಡಿದರೆ ಇಷ್ಟೇನಾ ಅನಿಸುವಂಥ ವಸ್ತು. ಬೋಲ್ಟಿನ ತಲೆಗೆ ಕೂರುವ ಒಂದು ಬಟ್ಟಲು. ಬಟ್ಟಲಿನ ಪಕ್ಕಕ್ಕೆ ಬೆಸುಗೆ ಹಾಕಿದ ಒಂದು ಕಿವಿ. ಮೊಳದುದ್ದದ ಹಿಡಿಕೆ, ಅದರ ತುದಿಗೆ ಆಕ್ಸೆಲ್ಲಿನ ತುಂಡಿನ ಭಾರ. ಹಿಡಿಕೆಯನ್ನು ಬಟ್ಟಲಿಗೆ ಬಿಗಿದಿಲ್ಲ, ಬೇಕೆಂದೇ ಸಡಿಲ ಬಿಟ್ಟಿದ್ದಾನೆ. ಹಿಡಿಕೆಯನ್ನು ಬೋಲ್ಟಿನ ಎಡಗಡೆಗೆ ಎತ್ತಿ ಕೈ ಬಿಟ್ಟರೆ ತನ್ನ ಭಾರಕ್ಕೆ ತಾನೇ ಕೆಳಗೆ ಬಿದ್ದು ಕಿವಿಗೆ ಬಡಿಯುತ್ತದೆ. ಮತ್ತೆ ಎತ್ತು, ಮತ್ತೆ ಬಿಡು. ಸುತ್ತಿಗೆ ಬೇಡ, ಇನ್ನೊಂದು ಕೈಯೂ ಬೇಡ. ಮೊದಲ ಸಲ ಹಿಡಿದಾಗ ಅದು ನನ್ನ ಮೊಣಕಾಲಿಗೇ ಬಡಿಯಿತು. "ಇದು ಪಾನಾ ಅಲ್ಲಲೇ, ಒದೆಯೋ ಕತ್ತೆ" ಎಂದೆ. ಕತ್ತೆ ಪಾನಾ ಎಂದೇ ಹೆಸರಾಯಿತು.

ಅಂಜಮ್ಮನನ್ನೇ ಕರೆಸಿ ಪರೀಕ್ಷೆ ಮಾಡಿದೆವು. ನನ್ನ ಅಂಗಡಿಯ ಹಿಂದಿನ ಹಳೇ ಮೆಷಿನ್ನಿನ ಮುಂದೆ ಆಕೆ ಕೂತಳು. ಮೋಟು ಬಲಗೈಯನ್ನು ಮೆಷಿನ್ನಿನ ಬಾಯಿಗೆ ಒತ್ತಿಕೊಂಡು, ಎಡಗೈಯಿಂದ ಕತ್ತೆ ಪಾನಾ ಎತ್ತಿ ಬಿಟ್ಟಳು. ಠಣ್. ಎತ್ತಿದಳು, ಬಿಟ್ಟಳು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಇಪ್ಪತ್ತು ವರ್ಷದ ಚೊಗರು ಕುಡಿದ ಮುಚ್ಚಳದ ನಾಲ್ಕು ಬೋಲ್ಟುಗಳೂ ಮೂರೂವರೆ ನಿಮಿಷದಲ್ಲಿ ಸಡಿಲವಾದವು. ಮುಚ್ಚಳ ಕೆಳಗೆ ಬಿತ್ತು. "ಅವತ್ತು ಇದು ಇದ್ದಿದ್ರೆ..." ಎಂದವಳು ಮಾತು ಮುಗಿಸದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜಮಾಲನಿಗೆ ಅದು ಹೊಗಳಿಕೆಯೋ ಶಿಕ್ಷೆಯೋ ನನಗೆ ಗೊತ್ತಿಲ್ಲ.

ಮೂವತ್ತೊಂದು ಕತ್ತೆ ಪಾನಾ ಮಾಡಿದ. ಟಿವಿಎಸ್ ಗಾಡಿಯಲ್ಲಿ ಹೇರಿಕೊಂಡು ಹೋಗಿ ಪುಕ್ಕಟೆ ಹಂಚಿದ. ಹೋದ ಕಡೆಯಲ್ಲೆಲ್ಲ, "ನಾನು ಚೊಗರು ಬಳಿದಿದ್ದು ತಪ್ಪಾಗೈತೆ, ನೀವೂ ಬಳೀಬ್ಯಾಡ್ರಿ" ಎಂದು ಹೇಳಿದ. ಯಾರು ಕೇಳುತ್ತಾರೆ? ಹೊನ್ನಾಳಿಯ ಕಡೆ ಒಬ್ಬರು ಅದನ್ನು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟುಕೊಂಡರು. ಸವಳಂಗದಲ್ಲಿ ಒಬ್ಬ ಅದರಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದೆ. ಜಗಳೂರಿನವನೊಬ್ಬ, "ಸಾಬ್ರೆ, ನಮ್ಮಲ್ಲಿ ಯಾರ ಕೈನೂ ಹೋಗಿಲ್ಲ, ಅಪಶಕುನದ ಸಾಮಾನು ಮನೀಗೆ ಯಾಕೆ ತರ್ತೀರಿ?" ಎಂದು ವಾಪಸ್ಸು ಕೊಟ್ಟ. ಜಮಾಲ್ ಬೇಜಾರು ಮಾಡಿಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದು ಒಂದೇ ಮೆಷಿನ್ನು.

ಆ ಒಂದು ಮೆಷಿನ್ನಿಗೆ ಹಬ್ಬಕ್ಕೆ ಹತ್ತು ದಿನ ಮುಂಚೆ ಅವನೇ ಹೋಗಿ ನನ್ನ ಅಂಗಡಿಯ ಹೊಸ ಬೋಲ್ಟು ಹಾಕಿದ. ಗ್ರೀಸು ಸವರಿದ. ಎಡಗೈಗೆ ಎಟುಕುವ ಕಡೆ ಸರಪಳಿಯಲ್ಲಿ ಪಾನಾ ಕಟ್ಟಿದ. ಅಂಬಿಕಾಗೆ ಮೂರು ದಿನ ಕಲಿಸಿದ. ಹುಡುಗಿ ಚುರುಕು, ಎರಡೇ ನಿಮಿಷಕ್ಕೆ ಬಿಚ್ಚುತ್ತಿದ್ದಳು. "ಮಾಮಾ, ಇನ್ನು ಹೆದರಬ್ಯಾಡ್ರಿ" ಎಂದು ಅವನಿಗೇ ಧೈರ್ಯ ಹೇಳಿದಳು. ಅವತ್ತು ಸಂಜೆ ಅವನು ನನ್ನ ಕಟ್ಟೆಯ ಮೇಲೆ ಕೂತು ಒಂದು ಪೂರ್ತಿ ಟೀ ಕುಡಿದ.

ಆದರೆ ಆ ಮಹಾನುಭಾವ ಅಲ್ಲಿಯೂ ಒಂದು ಕಿತಾಪತಿ ಮಾಡಿದ್ದ, ನನಗೆ ಆಮೇಲೆ ಗೊತ್ತಾಯಿತು. ಬಿಗಿಯಾಗಿ ಕೂತರೆ ಹುಡುಗಿಗೆ ಕಷ್ಟವಾಗುತ್ತದೆ ಎಂದು ಪ್ರತಿ ಬೋಲ್ಟನ್ನೂ ಅರ್ಧ ಸುತ್ತು ಕಡಿಮೆ ಬಿಗಿದಿದ್ದ. ಲಾರಿ ಗ್ಯಾರೇಜಿನಲ್ಲಿ ಎಂಟು ವರ್ಷ ದುಡಿದವನಿಗೆ ಇದು ತಪ್ಪೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹೆದರಿಕೆ ಹಿಡಿದ ಕೈ ಬಿಗಿಯಲು ಒಪ್ಪಬೇಕಲ್ಲ.

ಹಬ್ಬದ ಮರುವಾರ ಪ್ರವೀಣ್ ಕುಮಾರ್ ಅರ್ಧ ದಿನ ಪರೀಕ್ಷೆಗೆಂದು ಮೆಷಿನ್ನು ಓಡಿಸಿದ್ದಾನೆ. ಅದರ ನಡುಕಕ್ಕೆ ಗ್ರೀಸಿನ ಬೋಲ್ಟುಗಳು ಒಂದೊಂದಾಗಿ ಸಡಿಲವಾಗಿ, ಮುಚ್ಚಳ ಕಳಚಿ ಸಿದ್ದೇಶನ ಕಾಲಿನ ಪಕ್ಕಕ್ಕೆ ಹಾರಿ ಬಿದ್ದಿದೆ. ತೆರೆದ ಡ್ರಮ್ಮು ಗಿರಗಿರ ತಿರುಗುತ್ತಿತ್ತಂತೆ. ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಕೆಲಸ ಶುರುವಾಗುವ ದಿನ ಬೆಳಿಗ್ಗೆ ಏಳು ಗಂಟೆಗೆ ನಾವಿಬ್ಬರೂ ನೋಡಿಕೊಂಡು ಬರೋಣವೆಂದು ಹೋದರೆ, ಪ್ರವೀಣ್ ಕುಮಾರ್ ಬಾಗಿಲಲ್ಲೇ ಎದುರಾದ. ಕೆಟ್ಟ ಮನುಷ್ಯನಲ್ಲ. ಅಂಜಮ್ಮನ ಆಸ್ಪತ್ರೆಯ ಖರ್ಚು ನೋಡಿಕೊಂಡವನೇ ಅವನು. ಜಮಾಲನ ಭುಜದ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋದ.

"ಬರ್ರಿ ಸಾಬ್ರೆ, ನೋಡ್ರಿ. ನಿಮ್ಮ ಮನಸ್ಸಿಗೂ ಸಮಾಧಾನ ಆಗ್ಲಿ. ಆ ಮುಚ್ಚಳ ಹಾರಿದ್ದು ನೋಡಿ ನನ್ನ ಜೀವಾನೇ ಹೋಗಿತ್ತು. ನ್ಯಾಮತಿಯಿಂದ ವೆಲ್ಡರ್ ಕರ್ಸಿ ಸುತ್ತಲೂ ವೆಲ್ಡಿಂಗ್ ಮಾಡಿಸ್ಬಿಟ್ಟೆ. ಇನ್ನು ಬೋಲ್ಟಿನ ಗೊಡವೇನೇ ಇಲ್ಲ. ಜನ್ಮದಲ್ಲಿ ಕಳಚಲ್ಲ."

ನಾನು ನೋಡಿದೆ. ನಾಲ್ಕು ಬದಿಯೂ ಮುಚ್ಚಳವನ್ನು ಮೆಷಿನ್ನಿನ ಮೈಗೆ ಬೆಸೆದುಬಿಟ್ಟಿದ್ದರು. ಬೋಲ್ಟಿನ ತಲೆಗಳ ಮೇಲೂ ಬೆಸುಗೆ ಕರಗಿಸಿ ಸುರಿದಿದ್ದರು. ಪಾನಾ ಕೂರಿಸಲು ಒಂದು ಮೂಲೆಯೂ ಉಳಿದಿರಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ವೆಲ್ಡಿಂಗ್ ರಾಡಿನ ಖಾಲಿ ಪೆಟ್ಟಿಗೆ ನನ್ನ ಅಂಗಡಿಯದು. ಹಿಂದಿನ ವಾರ ಸಿದ್ದೇಶ ಬಂದು ಒಯ್ದಿದ್ದ, ಯಾಕೆ ಎಂದು ನಾನು ಒಂದು ಮಾತು ಕೇಳಿರಲಿಲ್ಲ.

"ಪ್ರವೀಣಪ್ಪ, ಮೇಲಿನ ಬಾಯಿ ಹಂಗೇ ತೆರೆದೈತೆ. ಕೈ ಹೋದ್ರೆ ಅಲ್ಲಿಂದಾನೇ ಹೋಗಾದು. ಆಮೇಲೆ ತೆಗ್ಯಾಕೆ ಇದೊಂದೇ ದಾರಿ ಇತ್ತು," ಎಂದ ಜಮಾಲ್. ಅವನ ಸ್ವರ ನನಗೇ ಸರಿಯಾಗಿ ಕೇಳಿಸಲಿಲ್ಲ. "ನಾನು ಕಟ್ಟರ್ ತಂದು ಕುಯ್ತೀನಿ. ಸಂಜೆ ಒಳಗೆ ಬೋಲ್ಟು ಹಾಕಿ ಸರಿಯಾಗಿ ಬಿಗೀತೀನಿ."

"ಬ್ಯಾಡ್ರಿ. ಒಂದು ಸಲ ನೀವು ಚೊಗರು ಬಳಿದು ಬೋಲ್ಟು ಕಚ್ಚಿಸಿದ್ರಿ, ಒಂದು ಸಲ ಸಡಿಲ ಬಿಟ್ರಿ. ತಪ್ಪು ತಿಳ್ಕಾಬ್ಯಾಡ್ರಿ, ಇನ್ನು ಈ ಮೆಷಿನ್ನು ನೀವು ಮುಟ್ಟಾದು ಬ್ಯಾಡ. ಕಾಯಿ ಬಂದು ಬಿದ್ದೈತೆ. ಸಂಕ್ರಾಂತಿ ಕಳೀಲಿ, ನೋಡಾಣ."

ನನಗೆ ಅವನ ಕುತ್ತಿಗೆ ಹಿಡಿಯಬೇಕು ಅನಿಸಿತು. ಆದರೆ ಅವನ ಮಾತಿನಲ್ಲಿ ಸುಳ್ಳು ಎಲ್ಲಿದೆ ಹೇಳಿ? ಎರಡು ಸಲವೂ ತಪ್ಪು ಮಾಡಿದವನು ನಮ್ಮವನೇ. ನನ್ನ ಜೋರು ಬಾಯಿ ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ. ಅಷ್ಟರಲ್ಲಿ ಅಂಬಿಕಾ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಳು. ಬೆಸುಗೆ ನೋಡಿದಳು, ಜಮಾಲನ ಮುಖ ನೋಡಿದಳು.

"ನಾನು ಕೋಲಿನಾಗೇ ತಳ್ತೀನಿ ಮಾಮಾ," ಎಂದಳು. ಅವಳಮ್ಮನೂ ಇಪ್ಪತ್ತು ವರ್ಷ ಕೋಲಿನಲ್ಲೇ ತಳ್ಳಿದ್ದವಳು.

ಈಗ ಕಾರ್ತಿಕ ನಡೆಯುತ್ತಿದೆ, ಮೆಷಿನ್ನು ದಿನವೂ ಓಡುತ್ತಿದೆ. ಜಮಾಲ್ ಬೇರೆ ಯಾವ ಊರಿಗೂ ಹೋಗುತ್ತಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಆ ಖೇಣಿ ಮನೆಯ ಗೋಡೆಯ ಹತ್ತಿರ, ಸ್ವಿಚ್ಚಿನ ಪಕ್ಕದಲ್ಲಿ ಒಂದು ಡಬ್ಬದ ಮೇಲೆ ಕೂತಿರುತ್ತಾನೆ. ಊಟಕ್ಕೂ ಏಳುವುದಿಲ್ಲ. ಮೆಹರಾಜ್ ಬೇಗಂ ಬುತ್ತಿ ಕಟ್ಟಿ ಕಳಿಸುತ್ತಾಳೆ, ಎಷ್ಟೋ ದಿನ ಅದು ಹಾಗೇ ವಾಪಸ್ಸು ಬರುತ್ತದೆ. ಮೆಷಿನ್ನು ಮುಟ್ಟಬೇಡ ಎಂದಿದ್ದ ಪ್ರವೀಣ್ ಕುಮಾರ್ ಇದಕ್ಕೆ ಅಡ್ಡಿ ಮಾಡಿಲ್ಲ. ಕೂಲಿಯವರು ಮೊದಮೊದಲು ನಕ್ಕರು, ಈಗ ಅವನ ಡಬ್ಬವನ್ನು ಸುತ್ತಿಕೊಂಡು ಓಡಾಡುತ್ತಾರೆ.

ಮೊನ್ನೆ ನಾನು ಹೋಗಿ, "ಏನೋ ಇದು ಹುಚ್ಚಾಟ? ಎಷ್ಟು ದಿನ ಹಿಂಗೆ ಕುತ್ಕಂತೀಯ?" ಎಂದು ಬೈದೆ. ಅವನು ನನ್ನ ಕಡೆ ತಿರುಗಲಿಲ್ಲ. ಅವನ ಒಂದು ಕೈ ಸ್ವಿಚ್ಚಿನ ಮೇಲೇ ಇತ್ತು, ಕಣ್ಣು ಅಂಬಿಕಾಳ ಬೆರಳುಗಳ ಮೇಲಿತ್ತು.

"ಕೈ ಒಳಗೆ ಹೋಗೋ ಮುಂಚೆ ಆಫ್ ಮಾಡ್ಬೇಕು ಬಸಣ್ಣ," ಎಂದ. "ಆಫ್ ಮಾಡಿದ ಮೇಲೂ ಡ್ರಮ್ಮು ಹನ್ನೊಂದು ಸುತ್ತು ತಿರುಗ್ತದೆ. ಎಣಿಸೀನಿ."